ಜಡವೆಂದು ಪಾಠ ಹೇಳುವ ಚಿನ್ನ ಸಾವಯವ ಸಂಶ್ಲೇಷಣೆಯಲ್ಲಿ ಕ್ರಿಯಾವರ್ಧಕವಾಗುವುದು ಹೇಗೆ?

ಪ್ರಶ್ನೆ
ಬರೆದವರು: ಬಸವನಗುಡಿಯ ಉಪನ್ಯಾಸಕಿ

ನಾನು ಬೆಂಗಳೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ನಗರದ ಸಂಶೋಧನಾ ಸಂಸ್ಥೆಯೊಂದು ಸಾರ್ವಜನಿಕರಿಗೆ ಬಾಗಿಲು ತೆರೆದಿದ್ದ ದಿನ ನಮ್ಮ ದ್ವಿತೀಯ ಪಿಯುಸಿ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಸಾವಯವ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಒಬ್ಬ ಸಂಶೋಧಕರು ಕಿರುಬೆರಳಿನಷ್ಟು ಉದ್ದದ ಗಾಜಿನ ಶೀಶೆಯೊಂದನ್ನು ಬೆಳಕಿಗೆ ಹಿಡಿದು, ಅದರ ತಳದಲ್ಲಿದ್ದ ಚಿಟಿಕೆಯಷ್ಟು ಬಿಳಿ ಪುಡಿಯನ್ನು ತೋರಿಸಿ, ಇದರ ತೂಕದಲ್ಲಿ ಐದರಲ್ಲಿ ಎರಡು ಪಾಲು ಚಿನ್ನವಿದೆ, ಇದನ್ನು ಕ್ರಿಯಾವರ್ಧಕವಾಗಿ ಬಳಸಿ ನಾವು ಔಷಧಗಳಂಥ ಅಣುಗಳನ್ನು ಕಟ್ಟುತ್ತೇವೆ ಎಂದರು. ಮಕ್ಕಳೆಲ್ಲ ಬೆರಗಿನಿಂದ ನೋಡಿದರು. ಒಬ್ಬ ಹುಡುಗ ಮಾತ್ರ ಒಪ್ಪಲಿಲ್ಲ. ಅವನ ಮನೆಯವರು ನಗರತಪೇಟೆಯಲ್ಲಿ ಮೂರು ತಲೆಮಾರುಗಳಿಂದ ಚಿನ್ನದ ಕೆಲಸ ಮಾಡುತ್ತಿದ್ದಾರೆ.

ಹಿಂದಿರುಗುವಾಗ ಬಸ್ಸಿನಲ್ಲಿ ಅವನು ನನ್ನ ಪಕ್ಕ ಬಂದು ಕುಳಿತು ಕೇಳಿದ: "ಮಿಸ್, ನಮ್ಮ ತಾತ ಒಡವೆಯನ್ನು ಒರೆಗಲ್ಲಿಗೆ ಉಜ್ಜಿ, ಆ ಗೆರೆಯ ಮೇಲೆ ನೈಟ್ರಿಕ್ ಆಸಿಡ್ ಬಿಡುತ್ತಾರೆ. ತಾಮ್ರ, ಬೆಳ್ಳಿ ಇದ್ದರೆ ಕರಗಿಹೋಗುತ್ತದೆ, ಚಿನ್ನದ ಗೆರೆ ಹಾಗೇ ಉಳಿಯುತ್ತದೆ. ಯಾವುದರ ಜೊತೆಗೂ ಸೇರದಿರುವುದೇ ಚಿನ್ನದ ಗುಣ ಅಂದಮೇಲೆ, ಅದು ಬೇರೆ ಅಣುಗಳ ನಡುವೆ ಕ್ರಿಯೆ ನಡೆಸುವುದು ಹೇಗೆ?" ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣವಾದ ಆಕ್ವಾ ರೇಜಿಯಾದಲ್ಲಿ ಚಿನ್ನವೂ ಕರಗುತ್ತದೆ ಎಂದು ನಾನು ಹೇಳಿದೆ. ಅದು ಅವನ ಪ್ರಶ್ನೆಗೆ ಉತ್ತರವಲ್ಲವೆಂದು ಹೇಳುವಾಗಲೇ ನನಗೆ ತಿಳಿದಿತ್ತು.

ಸಂಕ್ರಮಣ ಲೋಹಗಳು ಒಳ್ಳೆಯ ಕ್ರಿಯಾವರ್ಧಕಗಳಾಗಲು ಅವು ಹಲವು ಉತ್ಕರ್ಷಣ ಸ್ಥಿತಿಗಳ ನಡುವೆ ಸುಲಭವಾಗಿ ಓಡಾಡುವುದೂ, ತಮ್ಮ ಮೇಲ್ಮೈಯಲ್ಲಿ ಅಣುಗಳನ್ನು ಹಿಡಿದಿಡುವುದೂ ಕಾರಣವೆಂದು ನಾವು ತರಗತಿಯಲ್ಲಿ ಹೇಳುತ್ತೇವೆ, ನಿಕಲ್, ಪಲ್ಲೇಡಿಯಂ, ಪ್ಲಾಟಿನಂಗಳನ್ನು ಉದಾಹರಣೆಯಾಗಿ ಕೊಡುತ್ತೇವೆ. ಚಿನ್ನಕ್ಕೆ ಈ ಎರಡು ಕಾರಣಗಳಲ್ಲಿ ಯಾವುದು ಹೊಂದುತ್ತದೆ? ಇಷ್ಟು ಬೆಲೆಬಾಳುವ ಲೋಹವನ್ನು ಫ್ಲಾಸ್ಕಿಗೆ ಹಾಕುವುದು ಲೆಕ್ಕಾಚಾರಕ್ಕೆ ಸರಿಹೋಗುತ್ತದೆಯೇ? ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ಯಾರಾದರೂ ನಾನು ತರಗತಿಯಲ್ಲಿ ಹೇಳಬಹುದಾದಂತೆ ಕನ್ನಡದಲ್ಲಿ ವಿವರಿಸಬೇಕೆಂದು ವಿನಂತಿಸುತ್ತೇನೆ.


ಉತ್ತರ 1
ಬರೆದವರು: ಯಶವಂತಪುರದ ಸಂಶೋಧನಾರ್ಥಿ

ನಮಸ್ಕಾರ ಮೇಡಂ. ನಾನು ನಾಲ್ಕು ವರ್ಷಗಳಿಂದ ಚಿನ್ನದ ಸಂಕೀರ್ಣಗಳನ್ನು ಬಳಸಿ ಉಂಗುರಾಕಾರದ ಸಾವಯವ ಅಣುಗಳನ್ನು ತಯಾರಿಸುವ ಕೆಲಸದಲ್ಲಿದ್ದೇನೆ. ನಿಮ್ಮ ವಿದ್ಯಾರ್ಥಿ ಕೇಳಿರುವುದು ಈ ಕ್ಷೇತ್ರದ ಮೂಲ ಪ್ರಶ್ನೆ. ದಯವಿಟ್ಟು ಅವನಿಗೆ ಇದನ್ನು ತಿಳಿಸಿ. ಅವನ ತಾತ ಒರೆಗಲ್ಲಿನ ಮೇಲೆ ನೋಡುವ ಗುಣ ಯಾವುದೋ, ನಾವು ಫ್ಲಾಸ್ಕಿನಲ್ಲಿ ಬಳಸಿಕೊಳ್ಳುವ ಗುಣವೂ ಅದೇ. ಚಿನ್ನ ತನ್ನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡಲು ಒಪ್ಪದ ಲೋಹ, ಅದು ಒಳ್ಳೆಯ ಕ್ರಿಯಾವರ್ಧಕವಾಗಿರುವುದು ಆ ಹಟದಿಂದಲೇ.

ಮೊದಲು ಲೋಹದ ಚಿನ್ನವನ್ನೂ ಚಿನ್ನದ ಅಯಾನನ್ನೂ ಬೇರೆ ಬೇರೆಯಾಗಿ ನೋಡಬೇಕು. ನೀವು ನೋಡಿದ ಬಿಳಿ ಪುಡಿ ಬಹುಶಃ ಟ್ರೈಫಿನೈಲ್‌ಫಾಸ್ಫೀನ್ ಗೋಲ್ಡ್ ಕ್ಲೋರೈಡ್ ಆಗಿರಬೇಕು, ಅದರ ತೂಕದಲ್ಲಿ ಚಿನ್ನದ ಪಾಲು ಶೇಕಡಾ 40ಕ್ಕೆ ಹತ್ತಿರ. ಹಳದಿ ಬಣ್ಣವೂ ಹೊಳಪೂ ಕೋಟ್ಯಂತರ ಪರಮಾಣುಗಳು ಒಂದಕ್ಕೊಂದು ಒತ್ತಿ ಕುಳಿತ ಲೋಹದ ಗುಣಗಳು, ಒಂಟಿ ಅಯಾನಿಗೆ ಅವು ಇರುವುದಿಲ್ಲ. ಈ ಪುಡಿಯಲ್ಲಿ ಪ್ರತಿ ಚಿನ್ನದ ಪರಮಾಣುವೂ ಒಂಟಿಯಾಗಿ, +1 ಸ್ಥಿತಿಯಲ್ಲಿ, ಒಂದು ಬದಿಗೆ ಫಾಸ್ಫರಸ್, ಇನ್ನೊಂದು ಬದಿಗೆ ಕ್ಲೋರಿನ್ ಹಿಡಿದುಕೊಂಡು ಸರಳರೇಖೆಯಲ್ಲಿ ನಿಂತಿರುತ್ತದೆ.

ಇದನ್ನು ಡೈಕ್ಲೋರೋಮೀಥೇನಿನಲ್ಲಿ ಕರಗಿಸಿ ಅದಕ್ಕೆ ಬೆಳ್ಳಿಯ ಒಂದು ಲವಣವನ್ನು ಸೇರಿಸಿದರೆ ತಿಳಿಯಾಗಿದ್ದ ದ್ರಾವಣ ಒಮ್ಮೆಲೇ ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ನಿಮ್ಮ ಪ್ರಾಯೋಗಿಕ ತರಗತಿಯಲ್ಲಿ ಕ್ಲೋರೈಡ್ ಪರೀಕ್ಷೆಗೆ ಮಕ್ಕಳು ನೋಡುವ ಸಿಲ್ವರ್ ಕ್ಲೋರೈಡ್ ಒತ್ತರವೇ ಇದು. ಕ್ಲೋರಿನ್ ಹೋದಮೇಲೆ ಚಿನ್ನದ ಒಂದು ಬದಿ ಖಾಲಿಯಾಗುತ್ತದೆ, ಅದರ ಮೇಲೆ ಧನ ಆವೇಶ ನಿಲ್ಲುತ್ತದೆ. ಕೆಲಸ ಮಾಡುವುದು ಈ ಅಯಾನು.

ಈ ಅಯಾನು ರುಚಿಭೇದವುಳ್ಳದ್ದು. ರಾಲ್ಫ್ ಪಿಯರ್ಸನ್ 1963ರಲ್ಲಿ ಆಮ್ಲ ಮತ್ತು ಪ್ರತ್ಯಾಮ್ಲಗಳನ್ನು ಗಟ್ಟಿ, ಮೃದು ಎಂದು ವಿಂಗಡಿಸಿದ ಕ್ರಮದಲ್ಲಿ ಹೇಳುವುದಾದರೆ, ಇದು ಬಹಳ ಮೃದುವಾದ ಲೂಯಿಸ್ ಆಮ್ಲ, ಅಂದರೆ ಬೇರೆ ಅಣುವಿನ ಎಲೆಕ್ಟ್ರಾನ್ ಜೋಡಿಯನ್ನು ಸ್ವೀಕರಿಸುವ ವಸ್ತು. ಅಲ್ಯೂಮಿನಿಯಂ ಕ್ಲೋರೈಡಿನಂಥ ಗಟ್ಟಿ ಆಮ್ಲ ನೀರು ಕಂಡೊಡನೆ ಅದರ ಆಕ್ಸಿಜನನ್ನು ಹಿಡಿದುಕೊಂಡು ಕೆಡುತ್ತದೆ, ಆದ್ದರಿಂದಲೇ ಅದನ್ನು ತೇವ ಸೋಕದಂತೆ ಕಾಪಾಡಬೇಕು. ಚಿನ್ನದ ಅಯಾನಿಗೆ ನೀರು, ಆಲ್ಕೊಹಾಲ್, ಗಾಳಿಯ ಆಕ್ಸಿಜನ್ ಇವುಗಳಲ್ಲಿ ಅಂಥ ಆಸಕ್ತಿಯಿಲ್ಲ. ಅದಕ್ಕೆ ಬೇಕಾದದ್ದು ಇಂಗಾಲ–ಇಂಗಾಲ ತ್ರಿಬಂಧದ ಸಡಿಲವಾದ ಪೈ ಎಲೆಕ್ಟ್ರಾನುಗಳ ಮೋಡ. ಫ್ಲಾಸ್ಕಿನಲ್ಲಿ ಹತ್ತು ಬಗೆಯ ಗುಂಪುಗಳಿದ್ದರೂ ಅದು ಹುಡುಕಿಕೊಂಡು ಹೋಗಿ ಆ ತ್ರಿಬಂಧವುಳ್ಳ ಆಲ್ಕೈನಿನ ಮೇಲೆ ಕುಳಿತುಕೊಳ್ಳುತ್ತದೆ, ಕುಳಿತು ಆ ಮೋಡವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಎಲೆಕ್ಟ್ರಾನ್ ಕಳೆದುಕೊಂಡು ಬಡವಾದ ಆ ಇಂಗಾಲದ ಮೇಲೆ ನೀರೋ ಆಲ್ಕೊಹಾಲೋ ಅಮೈನೋ ಚಿನ್ನಕ್ಕೆ ಎದುರು ಬದಿಯಿಂದ ಬಂದು ಬಂಧ ಕಟ್ಟುತ್ತದೆ. ಆಗ ಚಿನ್ನ ಇನ್ನೊಂದು ಇಂಗಾಲಕ್ಕೆ ಬಂಧಿಸಿಕೊಂಡಿರುತ್ತದೆ. ಕೊನೆಗೆ ಒಂದು ಪ್ರೋಟಾನ್ ಬಂದು ಆ ಜಾಗವನ್ನು ತುಂಬುತ್ತದೆ, ಚಿನ್ನ ಬಿಡುಗಡೆಯಾಗಿ ಮುಂದಿನ ಅಣುವಿನ ಕಡೆಗೆ ಹೋಗುತ್ತದೆ.

ಈ ಸುತ್ತಿನಲ್ಲಿ ಮೊದಲಿನಿಂದ ಕೊನೆಯವರೆಗೂ ಚಿನ್ನ +1 ಸ್ಥಿತಿಯಲ್ಲೇ ಇತ್ತು ಎಂಬುದನ್ನು ಗಮನಿಸಬೇಕು. ನೀವು ತರಗತಿಯಲ್ಲಿ ಹೇಳುವ ಕಾರಣ ತಪ್ಪಲ್ಲ, ಆದರೆ ಅದು ಚಿನ್ನದ ಈ ಕ್ರಿಯೆಗಳಿಗೆ ಅನ್ವಯಿಸುವುದಿಲ್ಲ. ಪಲ್ಲೇಡಿಯಂ 0 ಮತ್ತು +2 ಸ್ಥಿತಿಗಳ ನಡುವೆ ಸಲೀಸಾಗಿ ಓಡಾಡುತ್ತದೆ, ಹಾಗಾಗಿಯೇ ಇಂಗಾಲ–ಬ್ರೋಮಿನ್ ಬಂಧದೊಳಗೆ ನುಗ್ಗಿ ಅದನ್ನು ತೆರೆಯುತ್ತದೆ. ಸಾಮಾನ್ಯ ಫಾಸ್ಫೀನ್ ಹಿಡಿದ ಚಿನ್ನ ಅದನ್ನು ಮುಟ್ಟುವುದಿಲ್ಲ. ಅಣುವಿನ ಒಂದು ತುದಿಯಲ್ಲಿ ತ್ರಿಬಂಧ, ಇನ್ನೊಂದು ತುದಿಯಲ್ಲಿ ಬ್ರೋಮಿನ್ ಇದ್ದರೆ, ಮೊದಲು ಚಿನ್ನದಿಂದ ತ್ರಿಬಂಧದ ಕೆಲಸ ಮುಗಿಸಿ, ಬ್ರೋಮಿನನ್ನು ಹಾಗೇ ಉಳಿಸಿಕೊಂಡು, ಮುಂದಿನ ಹಂತದಲ್ಲಿ ಪಲ್ಲೇಡಿಯಂ ಬಳಸಿ ಅಲ್ಲಿ ಬೇರೊಂದು ಬಂಧ ಕಟ್ಟಬಹುದು. ದೊಡ್ಡ ಅಣುವನ್ನು ಹಂತಹಂತವಾಗಿ ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ.

ಚಿನ್ನಕ್ಕೆ ಈ ಹಟ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಐನ್‌ಸ್ಟೈನರ ಸಾಪೇಕ್ಷತೆಯಲ್ಲಿದೆ. ಅದರ ಬೀಜಕೇಂದ್ರದಲ್ಲಿ 79 ಪ್ರೋಟಾನುಗಳಿವೆ. ಅಷ್ಟು ಬಲವಾದ ಸೆಳೆತದಲ್ಲಿ ಒಳಗಿನ 1ಎಸ್ ಎಲೆಕ್ಟ್ರಾನಿನ ವೇಗ ಬೆಳಕಿನ ವೇಗದ ಸುಮಾರು ಶೇಕಡಾ 58ರಷ್ಟಾಗುತ್ತದೆ. ಆ ವೇಗದಲ್ಲಿ ಎಲೆಕ್ಟ್ರಾನಿನ ದ್ರವ್ಯರಾಶಿ ಹೆಚ್ಚಿದಂತಾಗಿ ಕಕ್ಷಕ ಕುಗ್ಗುತ್ತದೆ. ಈ ಕುಗ್ಗುವಿಕೆ ಒಳಗಿನ ಕವಚಕ್ಕೇ ನಿಲ್ಲದೆ ಹೊರಗಿನ 6ಎಸ್ ಕಕ್ಷಕದವರೆಗೂ ಮುಟ್ಟುತ್ತದೆ. ಒಳಗೆ ಸರಿದ ಎಸ್ ಎಲೆಕ್ಟ್ರಾನುಗಳು ಬೀಜಕೇಂದ್ರವನ್ನು ಹೆಚ್ಚು ಮರೆಮಾಡುವುದರಿಂದ 5ಡಿ ಎಲೆಕ್ಟ್ರಾನುಗಳು ಸ್ವಲ್ಪ ಹರಡಿಕೊಳ್ಳುತ್ತವೆ. ಮಕ್ಕಳಿಗೆ ತೋರಿಸಲು ಸುಲಭವಾದ ಸಾಕ್ಷ್ಯವೆಂದರೆ ಮೊದಲ ಅಯಾನೀಕರಣ ಶಕ್ತಿ. ಅದು ಪ್ರತಿ ಮೋಲಿಗೆ ತಾಮ್ರಕ್ಕೆ 745, ಬೆಳ್ಳಿಗೆ 731, ಚಿನ್ನಕ್ಕೆ 890 ಕಿಲೋಜೂಲ್. ಗುಂಪಿನಲ್ಲಿ ಕೆಳಗೆ ಇಳಿದಂತೆ ಕಡಿಮೆಯಾಗಬೇಕಿದ್ದ ಸಂಖ್ಯೆ ಚಿನ್ನದಲ್ಲಿ ಹೀಗೆ ಏರಿರುವುದಕ್ಕೆ ಈ ಕುಗ್ಗುವಿಕೆ ಬಹುದೊಡ್ಡ ಕಾರಣ. ಚಿನ್ನ ಹಳದಿಯಾಗಿರುವುದೂ ಇದರಿಂದಲೇ. 5ಡಿ ಮತ್ತು 6ಎಸ್ ಮಟ್ಟಗಳ ನಡುವಿನ ಅಂತರ ಕಡಿಮೆಯಾಗಿ ಲೋಹ ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ. ಫಿನ್ಲೆಂಡಿನ ಪೆಕ್ಕಾ ಪ್ಯೂಕ್ಕೊ ಈ ಪರಿಣಾಮಗಳ ಅಧ್ಯಯನಕ್ಕೆ ದಶಕಗಳನ್ನು ಮುಡಿಪಿಟ್ಟವರು. ಕ್ರಿಯಾವರ್ಧನೆಗೂ ಸಾಪೇಕ್ಷತೆಗೂ ಇರುವ ನಂಟನ್ನು ಬರ್ಕ್ಲಿಯ ಡೀನ್ ಟೋಸ್ಟೆ ತಮ್ಮ ಸಹೋದ್ಯೋಗಿಯೊಡನೆ 2007ರಲ್ಲಿ ಒಂದು ವಿಮರ್ಶಾ ಲೇಖನದಲ್ಲಿ ಸ್ಪಷ್ಟವಾಗಿ ಕಟ್ಟಿಕೊಟ್ಟರು.

ಇನ್ನು ಬೆಲೆಯ ಲೆಕ್ಕ. ಒಂದು ಮಿಲಿಮೋಲ್ ಪ್ರಮಾಣದ ಕ್ರಿಯೆಗೆ ನಾನು ನೂರಕ್ಕೆ ಒಂದು ಪಾಲು ಕ್ರಿಯಾವರ್ಧಕ ಹಾಕಿದರೆ, ಆ ಬಿಳಿ ಪುಡಿ ಸುಮಾರು ಐದು ಮಿಲಿಗ್ರಾಂ ಬೇಕಾಗುತ್ತದೆ. ಅದರಲ್ಲಿರುವ ಚಿನ್ನ ಎರಡು ಮಿಲಿಗ್ರಾಂ. ಎರಡು ಗ್ರಾಂ ತೂಕದ ಒಂದು ಉಂಗುರದಷ್ಟು ಚಿನ್ನದಲ್ಲಿ ಇಂಥ ಸಾವಿರ ಪ್ರಯೋಗಗಳು ನಡೆಯುತ್ತವೆ. ನಮ್ಮ ಖರ್ಚಿನಲ್ಲಿ ಹೆಚ್ಚಿನ ಪಾಲು ದ್ರಾವಕಗಳಿಗೂ ಸಿಲಿಕಾ ಜೆಲ್ಲಿಗೂ ಹೋಗುತ್ತದೆಯೇ ಹೊರತು ಚಿನ್ನಕ್ಕಲ್ಲ. ರಸಾಯನಜ್ಞರು ದಿನನಿತ್ಯ ಬಳಸುವ ರೋಡಿಯಂ ಹಲವು ವರ್ಷ ಚಿನ್ನಕ್ಕಿಂತ ದುಬಾರಿಯಾಗಿತ್ತು ಎಂಬುದನ್ನೂ ಮಕ್ಕಳಿಗೆ ಹೇಳಬಹುದು.


ಉತ್ತರ 2
ಬರೆದವರು: ಕೆಜಿಎಫ್ ಮೂಲದ ನಿವೃತ್ತ ರಸಾಯನಜ್ಞ

ಸಂಶೋಧನಾರ್ಥಿಗಳ ವಿವರಣೆ ನನಗೆ ಬಹಳ ಹಿಡಿಸಿತು. ಉಪನ್ಯಾಸಕಿಯವರಿಗೆ ತರಗತಿಯಲ್ಲಿ ನೆರವಾಗಬಹುದಾದ ಎರಡು ವಿಷಯಗಳನ್ನು ನಾನು ಸೇರಿಸುತ್ತೇನೆ.

ನಾನು ಬೆಳೆದದ್ದು ಕೆಜಿಎಫ್‌ನಲ್ಲಿ. ಗಣಿಗಳು 2001ರಲ್ಲಿ ಮುಚ್ಚಿದವು, ಆದರೆ ಅದಿರನ್ನು ಅರೆದು ಚಿನ್ನ ತೆಗೆದಮೇಲೆ ಸುರಿದ ಬೂದುಬಣ್ಣದ ಮಣ್ಣಿನ ದಿಬ್ಬಗಳು ಇಂದಿಗೂ ಊರಿನ ಸುತ್ತ ನಿಂತಿವೆ. ನಾವು ಅವನ್ನು ಸೈನೈಡ್ ದಿಬ್ಬಗಳೆಂದೇ ಕರೆಯುತ್ತಿದ್ದೆವು, ಬೇಸಗೆಯ ಗಾಳಿಗೆ ಆ ಧೂಳು ಎದ್ದು ಮನೆಯೊಳಗಿನ ಪಾತ್ರೆಗಳ ಮೇಲೂ ಕೂರುತ್ತಿತ್ತು. ಅರೆದ ಅದಿರಿನ ಮೇಲೆ ದುರ್ಬಲವಾದ ಸೈನೈಡ್ ದ್ರಾವಣ ಹಾಯಿಸಿ ಗಾಳಿ ಊದಿದರೆ, ನೈಟ್ರಿಕ್ ಆಮ್ಲಕ್ಕೂ ಜಗ್ಗದ ಚಿನ್ನ ಆ ನೀರಿನಲ್ಲಿ ಕರಗುತ್ತದೆ. ಎರಡು ಸೈನೈಡುಗಳ ನಡುವೆ +1 ಸ್ಥಿತಿಯ ಒಂದು ಚಿನ್ನ ಸರಳರೇಖೆಯಲ್ಲಿ ನಿಲ್ಲುವುದೇ ಅಲ್ಲಿ ನಡೆಯುವ ಸಂಗತಿ. ಮೇಲೆ ಹೇಳಿದ ಬಿಳಿ ಪುಡಿಯ ರಚನೆಯೂ ಅದೇ, ಹಿಡಿದ ಕೈಗಳು ಮಾತ್ರ ಬೇರೆ. ಸರಿಯಾದ ಲಿಗ್ಯಾಂಡ್, ಅಂದರೆ ಲೋಹವನ್ನು ಹಿಡಿದುಕೊಳ್ಳುವ ಗುಂಪು, ಸಿಕ್ಕರೆ ಚಿನ್ನ ಅಯಾನಾಗಿ ನೆಮ್ಮದಿಯಿಂದ ಇರಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದ ಮಕ್ಕಳಿಗೆ ಕೋಲಾರಕ್ಕಿಂತ ಹತ್ತಿರದ ಉದಾಹರಣೆ ಸಿಗುವುದಿಲ್ಲ.

ಎರಡನೆಯದು ಪಾದರಸದ ಕಥೆ, ಇದನ್ನು ನಾನು ಹೆಚ್ಚು ಮುಖ್ಯವೆಂದು ಭಾವಿಸುತ್ತೇನೆ. ಪ್ರಥಮ ಪಿಯುಸಿಯ ಹೈಡ್ರೋಕಾರ್ಬನ್ ಪಾಠದಲ್ಲಿ ಈಥೈನಿಗೆ (ಅಸಿಟಲೀನ್) ನೀರು ಸೇರಿಸಿ ಈಥನಾಲ್ (ಅಸಿಟಾಲ್ಡಿಹೈಡ್) ಮಾಡುವ ಕ್ರಿಯೆ ಬರುತ್ತದೆ: ಮರ್ಕ್ಯುರಿಕ್ ಸಲ್ಫೇಟ್, ದುರ್ಬಲ ಸಲ್ಫ್ಯೂರಿಕ್ ಆಮ್ಲ, 333 ಕೆಲ್ವಿನ್. ನಾವೆಲ್ಲರೂ ಅದನ್ನು ಬಾಯಿಪಾಠ ಮಾಡಿದವರು. ರಷ್ಯಾದ ಕುಚೆರೋವ್ 1881ರಲ್ಲಿ ಕಂಡುಕೊಂಡ ಆ ಕ್ರಿಯೆಯನ್ನೇ ಜಪಾನಿನ ಮಿನಾಮಾಟದ ಕಾರ್ಖಾನೆ ದೊಡ್ಡ ಪ್ರಮಾಣದಲ್ಲಿ ನಡೆಸಿತು. ಅಲ್ಲಿ ಉಪಉತ್ಪನ್ನವಾಗಿ ಹುಟ್ಟಿದ ಮೀಥೈಲ್ ಮರ್ಕ್ಯುರಿ ತ್ಯಾಜ್ಯ ನೀರಿನೊಂದಿಗೆ ಕೊಲ್ಲಿಗೆ ಸೇರಿ, ಮೀನುಗಳ ಮೂಲಕ ಜನರ ದೇಹ ಹೊಕ್ಕಿತು. ಆ ರೋಗವನ್ನು ಅಧಿಕೃತವಾಗಿ ಗುರುತಿಸಿದ್ದು 1956ರಲ್ಲಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಾರ್ಖಾನೆಯಲ್ಲಿ ಪಾದರಸದ ಲವಣ ಬಳಸಿ ಆಲ್ಕೈನಿಗೆ ನೀರು ಸೇರಿಸುವ ಹಂತವೊಂದಿತ್ತು. ಸೋಸಿದಮೇಲೆ ಬಟ್ಟೆಯಲ್ಲಿ ಉಳಿಯುತ್ತಿದ್ದ ಬೂದುಬಣ್ಣದ ಕೆಸರನ್ನು ಪೀಪಾಯಿಗೆ ತುಂಬಿ ಶೆಡ್ಡಿನ ಹಿಂದೆ ಇಡುತ್ತಿದ್ದರು. ಆ ಪೀಪಾಯಿಗಳು ಎಲ್ಲಿಗೆ ಹೋಗುತ್ತವೆ ಎಂದು ನಾನು ಆಗ ಕೇಳಲಿಲ್ಲ. ಕೇಳಬೇಕಿತ್ತು ಎಂಬ ನೋವು ಇಂದಿಗೂ ಇದೆ.

ಹೀಗಾಗಿ ಉಟಿಮೊಟೊ ಅವರ ತಂಡ 1991ರಲ್ಲಿ ಸೋಡಿಯಂ ಟೆಟ್ರಾಕ್ಲೋರೋಆರೇಟ್ ಎಂಬ ಚಿನ್ನದ ಲವಣದಿಂದ ಆಲ್ಕೈನುಗಳಿಗೆ ನೀರು ಸೇರಿಸಿ ಕೀಟೋನುಗಳನ್ನು ಪಡೆದದ್ದೂ, ಬಿಎಎಸ್ಎಫ್ ಕಂಪನಿಯ ಟೆಲೆಸ್ ಮತ್ತು ಸಂಗಡಿಗರು 1998ರಲ್ಲಿ +1 ಸ್ಥಿತಿಯ ಚಿನ್ನದ ಅಯಾನು ಬಳಸಿ ಆಲ್ಕೈನುಗಳಿಗೆ ಆಲ್ಕೊಹಾಲ್ ಸೇರಿಸಿದ್ದೂ ನನ್ನಂಥವರಿಗೆ ದೊಡ್ಡ ಸುದ್ದಿಯಾಗಿದ್ದವು. ಟೆಲೆಸ್ ಅವರ ಕ್ರಿಯೆಯಲ್ಲಿ ಒಂದು ಚಿನ್ನದ ಅಯಾನು ಒಂದು ಲಕ್ಷದವರೆಗೆ ಅಣುಗಳನ್ನು ತಯಾರಿಸಿಕೊಟ್ಟಿತು. ಆ ಮಟ್ಟದಲ್ಲಿ ಲೋಹದ ಬೆಲೆ ಲೆಕ್ಕಕ್ಕೇ ಬರುವುದಿಲ್ಲ.

ಘನ ಆಧಾರದ ಮೇಲೆ ಕೂರಿಸಿದ ಚಿನ್ನದ ಕಥೆ ಇದಕ್ಕಿಂತ ಹಳೆಯದು. ಪಿವಿಸಿ ಪೈಪುಗಳಿಗೆ ಬೇಕಾದ ವೈನೈಲ್ ಕ್ಲೋರೈಡನ್ನು ಅಸಿಟಲೀನಿನಿಂದ ತಯಾರಿಸುವ ಕಡೆ ಇದ್ದಿಲಿನ ಮೇಲೆ ಕೂರಿಸಿದ ಮರ್ಕ್ಯುರಿಕ್ ಕ್ಲೋರೈಡೇ ಕ್ರಿಯಾವರ್ಧಕವಾಗಿತ್ತು. ಗ್ರಹಾಂ ಹಚಿಂಗ್ಸ್ 1985ರಲ್ಲಿ ಬೇರೆ ಬೇರೆ ಲೋಹದ ಕ್ಲೋರೈಡುಗಳ ಚಟುವಟಿಕೆಯನ್ನು ಅವುಗಳ ಪ್ರಮಾಣಿತ ಇಲೆಕ್ಟ್ರೋಡ್ ವಿಭವದೊಂದಿಗೆ ಹೋಲಿಸಿ, ಈ ಕ್ರಿಯೆಗೆ ಎಲ್ಲಕ್ಕಿಂತ ಉತ್ತಮವಾದದ್ದು ಚಿನ್ನವಾಗಬೇಕೆಂದು ಮೊದಲೇ ಊಹಿಸಿ, ಆಮೇಲೆ ಪ್ರಯೋಗದಿಂದ ಅದನ್ನು ದೃಢಪಡಿಸಿದರು. ಪಾದರಸದ ಬಳಕೆಯನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಮಿನಾಮಾಟದ ಹೆಸರನ್ನೇ ಇಟ್ಟು 2013ರಲ್ಲಿ ಅಂಗೀಕರಿಸಿದರು, ಅದು 2017ರಲ್ಲಿ ಜಾರಿಗೆ ಬಂತು. ಜಾನ್ಸನ್ ಮ್ಯಾಥಿ ಕಂಪನಿ ಚಿನ್ನದ ಕ್ರಿಯಾವರ್ಧಕವನ್ನು ಕಾರ್ಖಾನೆಯ ಮಟ್ಟಕ್ಕೆ ತಂದಿತು. ಇದು ಬರಿಯ ಪ್ರಯೋಗಾಲಯದ ಕುತೂಹಲವಲ್ಲ ಎಂದು ಮಕ್ಕಳಿಗೆ ತೋರಿಸಲು ಇಷ್ಟು ಸಾಕು.

ಒಂದು ಮಿತಿಯನ್ನೂ ಹೇಳಬೇಕು. ಔಷಧ ತಯಾರಿಕೆಯ ದೊಡ್ಡ ಹಂತಗಳಲ್ಲಿ ಪಲ್ಲೇಡಿಯಂ ಕಾಣಿಸುವಷ್ಟು ಚಿನ್ನ ಇನ್ನೂ ಕಾಣಿಸುವುದಿಲ್ಲ. ಆರಂಭಿಕ ವಸ್ತುವಿನಲ್ಲಿ ತ್ರಿಬಂಧವೋ ಅಲೀನೋ (ಒಂದೇ ಇಂಗಾಲವನ್ನು ಹಂಚಿಕೊಂಡ ಎರಡು ದ್ವಿಬಂಧಗಳು) ಇರಬೇಕೆಂಬ ಷರತ್ತು ಕಾರ್ಖಾನೆಗೆ ಸಣ್ಣದಲ್ಲ.


ಉತ್ತರ 3
ಬರೆದವರು: ಪೀಣ್ಯದ ಗುಣಮಟ್ಟ ವಿಶ್ಲೇಷಕ

ಒಂದು ಸಂದೇಹ. ಕ್ಲೋರಿನನ್ನು ತೆಗೆಯಲು ಬೆಳ್ಳಿಯ ಲವಣ ಹಾಕುತ್ತೀರಿ. ಬೆಳ್ಳಿಯ ಅಯಾನೂ ತ್ರಿಬಂಧವನ್ನು ಹಿಡಿಯಬಲ್ಲದು. ಆ ಲವಣದಿಂದ ಪ್ರಬಲ ಆಮ್ಲ ಹುಟ್ಟುವ ಸಾಧ್ಯತೆಯೂ ಇದೆ. ಹೀಗಿರುವಾಗ ಕೆಲಸ ಮಾಡಿದ್ದು ಚಿನ್ನವೇ ಎಂದು ನೀವು ಹೇಗೆ ಖಚಿತಪಡಿಸಿಕೊಳ್ಳುತ್ತೀರಿ?


ಉತ್ತರ 4
ಬರೆದವರು: ಯಶವಂತಪುರದ ಸಂಶೋಧನಾರ್ಥಿ

ಸರ್, ಈ ಸಂದೇಹ ಬಾರದೆ ಚಿನ್ನದ ಮೇಲೆ ಪ್ರಬಂಧ ಬರೆಯಬಾರದು ಎಂದು ನಾನು ನಂಬುತ್ತೇನೆ. ಪ್ರತಿ ಹೊಸ ಕ್ರಿಯೆಗೂ ನಾವು ಅಕ್ಕಪಕ್ಕದಲ್ಲಿ ನಾಲ್ಕು ಪುಟ್ಟ ಫ್ಲಾಸ್ಕುಗಳನ್ನು ಇಡುತ್ತೇವೆ. ಒಂದರಲ್ಲಿ ಚಿನ್ನ ಮತ್ತು ಬೆಳ್ಳಿ ಎರಡೂ ಇರುತ್ತವೆ, ಇನ್ನೊಂದರಲ್ಲಿ ಬೆಳ್ಳಿ ಮಾತ್ರ, ಮತ್ತೊಂದರಲ್ಲಿ ಚಿನ್ನದ ಕ್ಲೋರೈಡ್ ಮಾತ್ರ, ಕೊನೆಯದರಲ್ಲಿ ಟ್ರಿಫ್ಲಿಕ್ ಆಮ್ಲವೆಂಬ ಅತಿ ಪ್ರಬಲ ಆಮ್ಲದ ಒಂದು ಹನಿ. ಅರ್ಧ ಗಂಟೆಗೊಮ್ಮೆ ನಾಲ್ಕರಿಂದಲೂ ಒಂದೊಂದು ಚುಕ್ಕೆಯನ್ನು ಮಿಶ್ರಣದ ಅಣುಗಳನ್ನು ಬೇರ್ಪಡಿಸಿ ತೋರಿಸುವ ಟಿಎಲ್‌ಸಿ (ತೆಳುಪದರ ಕ್ರೊಮಾಟೋಗ್ರಫಿ) ಹಾಳೆಯ ಮೇಲೆ ಇಟ್ಟು ನೋಡುತ್ತೇವೆ. ನನ್ನ ಎರಡನೆಯ ವರ್ಷದಲ್ಲಿ ಒಂದು ಉಂಗುರಬಂಧನದ ಕ್ರಿಯೆ ಬಹಳ ಸೊಗಸಾಗಿ ನಡೆದು, ಮೂರು ತಿಂಗಳು ಹದಿನೈದು ಬಗೆಯ ಅಣುಗಳ ಮೇಲೆ ಅದನ್ನು ಮಾಡಿ ಮುಗಿಸಿದ್ದೆ. ಆಮೇಲೆ ಆಮ್ಲದ ಫ್ಲಾಸ್ಕನ್ನು ಇಟ್ಟಾಗ ಅದೇ ಉತ್ಪನ್ನ, ಅದೇ ವೇಗದಲ್ಲಿ ಬಂತು. ಆ ಕೆಲಸವನ್ನು ಅಲ್ಲಿಗೇ ಬಿಟ್ಟೆವು. ಅಂದಿನಿಂದ ನಾನು ಆಮ್ಲದ ಫ್ಲಾಸ್ಕನ್ನು ಮೊದಲ ದಿನವೇ ಇಡುತ್ತೇನೆ. ಬೆಳ್ಳಿಯ ಗೊಂದಲವನ್ನು ತಪ್ಪಿಸಲು ಇನ್ನೊಂದು ದಾರಿಯೂ ಇದೆ: ಫ್ರಾನ್ಸಿನ ಗಾಗೋಸ್ ಮತ್ತು ಸಂಗಡಿಗರು 2005ರಲ್ಲಿ ತಿಳಿಸಿದಂತೆ ಟ್ರಿಫ್ಲಿಮೈಡ್ ಋಣ ಅಯಾನಿನೊಡನೆ ಚಿನ್ನದ ಸಂಕೀರ್ಣವನ್ನು ಮೊದಲೇ ತಯಾರಿಸಿ, ಹರಳಾಗಿಸಿ, ಬಾಟಲಿಯಲ್ಲಿ ಇಟ್ಟುಕೊಳ್ಳಬಹುದು. ಆಗ ಫ್ಲಾಸ್ಕಿಗೆ ಬೆಳ್ಳಿ ಹಾಕುವ ಅಗತ್ಯವೇ ಬೀಳುವುದಿಲ್ಲ.

ಕೆಜಿಎಫ್ ಸರ್ ಹೇಳಿದ ಮಿತಿ ನಿಜ. ಆದರೂ ಬೇರೆ ದಾರಿಯಲ್ಲಿ ಕಷ್ಟವಾದ ಇಂಗಾಲದ ಚೌಕಟ್ಟನ್ನು ಚಿನ್ನ ಒಂದೇ ಹಂತದಲ್ಲಿ ಕಟ್ಟಿಕೊಡುವ ಸಂದರ್ಭಗಳಿವೆ, ನನ್ನನ್ನು ಈ ಕ್ಷೇತ್ರಕ್ಕೆ ಎಳೆದು ತಂದದ್ದು ಅಂಥ ಕೆಲಸಗಳೇ. ಸ್ಟೀಫನ್ ಹಾಷ್ಮಿ 2000ದಲ್ಲಿ ಒಂದು ಫ್ಯುರಾನ್ ಉಂಗುರಕ್ಕೆ ಬಾಲದಂತೆ ಆಲ್ಕೈನನ್ನು ಕಟ್ಟಿ, ಅದಕ್ಕೆ ಚಿಟಿಕೆ ಗೋಲ್ಡ್ ಕ್ಲೋರೈಡ್ ಹಾಕಿದಾಗ, ಕೊಠಡಿಯ ತಾಪದಲ್ಲೇ ಪರಮಾಣುಗಳು ಮರುಜೋಡಣೆಯಾಗಿ ಫೀನಾಲ್ ಸಿಕ್ಕಿತು. ಫ್ಯುರಾನಿನ ಆಕ್ಸಿಜನ್ ಜಾಗ ಬದಲಿಸಿ ಹೊಸ ಬೆಂಜೀನ್ ಉಂಗುರದ ಮೇಲೆ ಹೈಡ್ರಾಕ್ಸಿಲ್ ಆಗಿ ಕುಳಿತಿತ್ತು. ಒಂದು ಪರಮಾಣುವೂ ವ್ಯರ್ಥವಾಗಲಿಲ್ಲ. ಹಿಂದೆ 300 ಡಿಗ್ರಿಗೂ ಮೇಲೆ ಕಾಯಿಸಿ ನಡೆಸುತ್ತಿದ್ದ ಕೋನಿಯಾ-ಈನ್ ಉಂಗುರಬಂಧನವನ್ನು ಟೋಸ್ಟೆ ಅವರ ತಂಡ 2004ರಲ್ಲಿ ಬೀಟಾ-ಕೀಟೋ ಎಸ್ಟರುಗಳ ಮೇಲೆ, ಗಾಳಿಗೆ ತೆರೆದ ಫ್ಲಾಸ್ಕಿನಲ್ಲಿ, ಬಿಸಿಯೇ ಇಲ್ಲದೆ ಮಾಡಿತೋರಿಸಿತು.

ಮೇಡಂ, ನಿಮ್ಮ ಮಕ್ಕಳಿಗೆ ಹತ್ತಿರವಾಗುವ ಉದಾಹರಣೆ ಎಂಗ್ಲೆರಿನ್-ಎ. ನಮ್ಮ ನೆಲ್ಲಿಕಾಯಿ ಮರ, ಬೇಲಿಯ ಬುಡದಲ್ಲಿ ಬೆಳೆಯುವ ನೆಲನೆಲ್ಲಿ ಇವೆಲ್ಲ ಫಿಲ್ಯಾಂಥಸ್ ಎಂಬ ಕುಲಕ್ಕೆ ಸೇರಿದವು. ಅದೇ ಕುಲದ ಆಫ್ರಿಕಾದ ಗಿಡವೊಂದರಿಂದ 2009ರಲ್ಲಿ ಬೇರ್ಪಡಿಸಿದ ಈ ಅಣು ಮೂತ್ರಪಿಂಡದ ಕ್ಯಾನ್ಸರ್ ಕೋಶಗಳನ್ನು ಅತ್ಯಲ್ಪ ಪ್ರಮಾಣದಲ್ಲೇ ಕೊಲ್ಲುತ್ತದೆಂದು ಪ್ರಯೋಗಾಲಯದಲ್ಲಿ ಕಂಡುಬಂತು. ಮುಂದಿನ ವರ್ಷವೇ ಸ್ಪೇನಿನ ಎಚವರೆನ್ ಅವರ ತಂಡವೂ ಚೀನಾದ ಒಂದು ತಂಡವೂ ಅದನ್ನು ಬೇರೆ ಬೇರೆಯಾಗಿ ಸಂಶ್ಲೇಷಿಸಿದವು. ಎರಡು ಕಡೆಯೂ ನಿರ್ಣಾಯಕ ಹಂತ ಚಿನ್ನದ್ದು. ಸರಪಳಿಯಂಥ ಒಂದು ಅಣುವಿನ ತ್ರಿಬಂಧದ ಮೇಲೆ ಚಿನ್ನ ಕುಳಿತೊಡನೆ ಪಕ್ಕದ ದ್ವಿಬಂಧವೂ ದೂರದ ಕಾರ್ಬೊನೈಲ್ ಆಕ್ಸಿಜನೂ ಒಂದರ ಹಿಂದೆ ಒಂದು ಬಂದು ಬಂಧ ಕಟ್ಟಿ, ಒಂದೇ ಹಂತದಲ್ಲಿ ಆಕ್ಸಿಜನ್ ಸೇತುವೆಯುಳ್ಳ ಮೂರು ಉಂಗುರಗಳ ಚೌಕಟ್ಟು ಸಿದ್ಧವಾಗುತ್ತದೆ. ಆ ಪುಟವನ್ನು ಮೊದಲ ಸಲ ಓದಿದ ದಿನ ನಾನು ಹಾಸ್ಟೆಲಿನಲ್ಲಿ ಬಾಣದ ಗುರುತುಗಳನ್ನು ಕಾಗದದ ಮೇಲೆ ಮತ್ತೆ ಮತ್ತೆ ಬರೆದು ನೋಡಿ ಊಟಕ್ಕೆ ಹೋಗುವುದನ್ನೇ ಮರೆತಿದ್ದೆ.

ಚಿನ್ನದ ಹಟವನ್ನು ಮುರಿಯುವ ಕೆಲಸವೂ ಈಗ ನಡೆದಿದೆ. +1ರಿಂದ +3ಕ್ಕೆ ಏರಿಸಲು ಮೊದಲೆಲ್ಲ ಬಲವಾದ ಉತ್ಕರ್ಷಣಕಾರಿ ಹಾಕಬೇಕಿತ್ತು. ಫ್ರಾನ್ಸಿನ ಟೂಲೂಜ್ ನಗರದ ಡಿಡಿಯೆ ಬೂರಿಸೂ ಅವರ ತಂಡ 2017ರಲ್ಲಿ ಫಾಸ್ಫರಸ್ ಮತ್ತು ನೈಟ್ರೋಜನ್ ಎರಡೂ ಇರುವ ಒಂದು ಲಿಗ್ಯಾಂಡ್ ಬಳಸಿ, ಚಿನ್ನ ತಾನಾಗಿಯೇ ಇಂಗಾಲ–ಅಯೋಡಿನ್ ಬಂಧದೊಳಗೆ ನುಗ್ಗುವಂತೆ ಮಾಡಿತು. ಅದೇ ಲಿಗ್ಯಾಂಡ್ ಬಳಸಿ ಭೋಪಾಲದ ಐಸರ್ ಸಂಸ್ಥೆಯ ನಿತಿನ್ ಪಾಟೀಲ್ ಅವರ ತಂಡ 2020ರಲ್ಲಿ ಒಂದು ದ್ವಿಬಂಧದ ಎರಡೂ ಇಂಗಾಲಗಳಿಗೆ ಎರಡು ಅರೈಲ್ ಗುಂಪುಗಳನ್ನು, ಅಂದರೆ ಬೆಂಜೀನಿನಂಥ ಉಂಗುರಗಳನ್ನು, ಜೋಡಿಸಿತು. ನಮ್ಮ ದೇಶದಲ್ಲೇ ನಡೆದ ಕೆಲಸವಾದ್ದರಿಂದ ಇದನ್ನು ಮಕ್ಕಳಿಗೆ ತಪ್ಪದೆ ಹೇಳಿ.


ಉತ್ತರ 5
ಬರೆದವರು: ಬಸವನಗುಡಿಯ ಉಪನ್ಯಾಸಕಿ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಅಯಾನೀಕರಣ ಶಕ್ತಿಯ ಆ ಮೂರು ಸಂಖ್ಯೆಗಳನ್ನು ಈ ದಿನ ಕಪ್ಪುಹಲಗೆಯ ಮೇಲೆ ಬರೆದು, ಕೊನೆಯದು ಯಾಕೆ ಏರಿದೆ ಎಂದು ಕೇಳುವುದರಿಂದಲೇ ಪಾಠ ಆರಂಭಿಸಿದೆ. ಮಿನಾಮಾಟದ ವಿಷಯ ಹೇಳಿದಾಗ ತರಗತಿ ಬಹಳ ಹೊತ್ತು ಮೌನವಾಗಿತ್ತು. ಇಷ್ಟು ವರ್ಷ 333 ಕೆಲ್ವಿನ್ ಎಂಬುದನ್ನು ಪರೀಕ್ಷೆಗೆ ಮುಖ್ಯವೆಂದು ಅಡಿಗೆರೆ ಎಳೆಸಿದ ನಾನು, ಆ ಪಾದರಸ ಆಮೇಲೆ ಎಲ್ಲಿಗೆ ಹೋಗುತ್ತದೆಂದು ಒಮ್ಮೆಯೂ ಹೇಳಿರಲಿಲ್ಲ. ಇನ್ನು ಮುಂದೆ ಆ ಎರಡನ್ನೂ ಒಟ್ಟಿಗೆ ಕಲಿಸುತ್ತೇನೆ.

ನಗರತಪೇಟೆಯ ಹುಡುಗನಿಗೆ ಒಂದು ಪ್ರಶ್ನೆ ಉಳಿದಿದೆ: ಕ್ರಿಯೆ ಮುಗಿದಮೇಲೆ ಆ ಎರಡು ಮಿಲಿಗ್ರಾಂ ಚಿನ್ನ ಏನಾಗುತ್ತದೆ?


ಉತ್ತರ 6
ಬರೆದವರು: ಯಶವಂತಪುರದ ಸಂಶೋಧನಾರ್ಥಿ

ಹೆಚ್ಚಿನ ಸಲ ಕ್ರಿಯೆ ಮುಗಿಯುವ ಹೊತ್ತಿಗೆ ಚಿನ್ನದ ಸಂಕೀರ್ಣವೂ ನಿಧಾನವಾಗಿ ಒಡೆಯುತ್ತಿರುತ್ತದೆ. ತಿಳಿಯಾಗಿದ್ದ ದ್ರಾವಣ ಮೊದಲು ನಸುನೇರಳೆಗೆ ತಿರುಗುತ್ತದೆ, ಅದು ಚಿನ್ನದ ಪರಮಾಣುಗಳು ಒಂದಕ್ಕೊಂದು ಸೇರಿ ನ್ಯಾನೋ ಕಣಗಳಾಗುತ್ತಿರುವ ಗುರುತು. ಒಂದು ರಾತ್ರಿ ಬಿಟ್ಟರೆ ಕೆಲವೊಮ್ಮೆ ಫ್ಲಾಸ್ಕಿನ ಒಳಗೋಡೆಗೆ ನಿಜವಾದ ಚಿನ್ನದ ತೆಳು ಕನ್ನಡಿ ಅಂಟಿಕೊಂಡಿರುತ್ತದೆ, ಕಿಟಕಿಯ ಬಿಸಿಲಿಗೆ ಹಿಡಿದರೆ ಹೊಳೆಯುತ್ತದೆ. ಉತ್ಪನ್ನವನ್ನು ಸಿಲಿಕಾ ಸ್ತಂಭದ ಮೂಲಕ ಇಳಿಸಿದಾಗ ಉಳಿದ ಚಿನ್ನ ಮೇಲ್ಭಾಗದಲ್ಲಿ ನೇರಳೆ ಪಟ್ಟಿಯಾಗಿ ನಿಲ್ಲುತ್ತದೆ. ಆ ಪಟ್ಟಿಯ ಸಿಲಿಕಾವನ್ನೂ ಫ್ಲಾಸ್ಕ್ ತೊಳೆದ ದ್ರವವನ್ನೂ ನಾವು ಚೆಲ್ಲುವುದಿಲ್ಲ, ಚಿನ್ನದ ಉಳಿಕೆ ಎಂದು ಚೀಟಿ ಅಂಟಿಸಿದ ಬಾಟಲಿಯಲ್ಲಿ ಕೂಡಿಡುತ್ತೇವೆ. ಬಾಟಲಿ ತುಂಬಿದಮೇಲೆ ಅದನ್ನು ಸುಟ್ಟು, ಉಳಿದದ್ದನ್ನು ಆಕ್ವಾ ರೇಜಿಯಾದಲ್ಲಿ ಕರಗಿಸಿದರೆ ಹಳದಿ ಕ್ಲೋರೋಆರಿಕ್ ಆಮ್ಲ ಸಿಗುತ್ತದೆ. ಅದಕ್ಕೆ ಡೈಮೀಥೈಲ್ ಸಲ್ಫೈಡ್ ಸೇರಿಸಿದಂತೆ ಹಳದಿ ಕಳೆದು, +3 ಸ್ಥಿತಿಯ ಚಿನ್ನ +1ಕ್ಕೆ ಇಳಿದು, ಬಿಳಿ ಹರಳುಗಳು ಕೆಳಗೆ ಕೂರುತ್ತವೆ. ಅದರ ಮೇಲೆ ಟ್ರೈಫಿನೈಲ್‌ಫಾಸ್ಫೀನ್ ಹಾಕಿದರೆ ನೀವು ಶೀಶೆಯಲ್ಲಿ ನೋಡಿದ ಅದೇ ಬಿಳಿ ಪುಡಿ.


ಉತ್ತರ 7
ಬರೆದವರು: ಬಸವನಗುಡಿಯ ಉಪನ್ಯಾಸಕಿ

ನಿಮ್ಮ ಉತ್ತರವನ್ನು ಅವನಿಗೆ ಓದಿ ಹೇಳಿದೆ. ಬಿಳಿ ಪುಡಿಯ ವಿಷಯದಲ್ಲಿ ಅವನಿಗೆ ಈಗ ತಕರಾರಿಲ್ಲ. ಅವರ ಅಂಗಡಿಯಲ್ಲಿ ಸಂಜೆ ಕಸ ಗುಡಿಸಿದ ಧೂಳನ್ನೂ ಕೈ ತೊಳೆದ ನೀರಿನ ಗಸಿಯನ್ನೂ ಡಬ್ಬದಲ್ಲಿ ಕೂಡಿಟ್ಟು, ವರ್ಷಕ್ಕೊಮ್ಮೆ ಚಿನ್ನ ಶುದ್ಧಿ ಮಾಡುವವರಿಗೆ ಕೊಡುತ್ತಾರಂತೆ. ಅವರೂ ಅದನ್ನು ಸುಟ್ಟು, ಆಸಿಡ್ಡಿನಲ್ಲಿ ಕರಗಿಸಿಯೇ ಚಿನ್ನ ತೆಗೆಯುತ್ತಾರೆ ಎಂದ. ಕರಗಿದಾಗ ಬರುವ ಹಳದಿ ನೀರನ್ನು ಚಿಕ್ಕವನಿದ್ದಾಗ ತಾತನ ಜೊತೆ ಹೋಗಿ ನೋಡಿದ್ದನಂತೆ. ಆ ನೀರಿನಿಂದ ನೀವು ಮುಂದೆ ಬಿಳಿ ಹರಳು ಮಾಡುವುದನ್ನು ತಾತನಿಗೆ ತೋರಿಸಲು ಸಾಧ್ಯವೇ ಎಂದು ಕೇಳಿದ್ದಾನೆ.